ಶ್ರವಣಶಾಸ್ತ್ರದ ಉನ್ನತ ವ್ಯಾಸಂಗವೂ ನಮ್ಮ ಸೀಮೆಯೂ

ಶ್ರೀಗುರುವು ಶಿಷ್ಯನ ಕೈಗೆ ಇಷ್ಟಲಿಂಗವನ್ನು ಕೊಡುವನು. ಕಿವಿಗೆ ಮಂತ್ರವನ್ನು ಕೊಡುವನು. ಇಂತಹ ಸಂಪ್ರದಾಯದಲ್ಲಿ ಹುಟ್ಟಿ ಬೆಳೆದ ನಾವು ಆ ಕಿವಿಯ ಕ್ಷೇಮದ ವಿಷಯದಲ್ಲಿ ಮಾತ್ರ ಬಹುಕಾಲ ಉದಾಸೀನರಾಗಿದ್ದೆವೆಂದು ಒಪ್ಪಿಕೊಳ್ಳಬೇಕಾಗಿದೆ. ಕಣ್ಣು ಮಂಜಾದವನನ್ನು ಕಂಡರೆ ನಮಗೆ ಮರುಕವುಂಟಾಗುತ್ತದೆ. ಕಿವಿ ಮಂದವಾದವನನ್ನು ಕಂಡರೆ ನಗೆ ಬರುತ್ತದೆ. ಮಗುವು ಮೂರು ವರ್ಷವಾದರೂ ಮಾತನಾಡದಿದ್ದರೆ “ಇದರ ಸೋದರಮಾವನೂ ತಡವಾಗಿಯೇ ಮಾತು ಕಲಿತ” ಎಂದು ಮನೆಯ ಹಿರಿಯರು ಸಮಾಧಾನ ಹೇಳುವರು. ಆ ಸಮಾಧಾನದಲ್ಲಿಯೇ ಅಮೂಲ್ಯವಾದ ಕಾಲವು ಕಳೆದುಹೋಗುತ್ತದೆ. ಈ ಕಾರಣದಿಂದ ಶ್ರವಣಶಾಸ್ತ್ರವೆಂಬ ವಿದ್ಯೆಯು ನಮ್ಮ ನಾಡಿಗೆ ಬಂದ ಬಗೆಯನ್ನೂ, ಅದರ ಉನ್ನತ ವ್ಯಾಸಂಗದ ಸ್ವರೂಪವನ್ನೂ ಭಕ್ತಮಹಾಶಯರ ಮುಂದೆ ಯಥಾಶಕ್ತಿ ನಿವೇದಿಸಬೇಕೆಂದು ಈ ಲೇಖನವನ್ನು ಕೈಕೊಂಡಿರುವೆನು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯವಾದರೂ ಒಂದೇ ಬಗೆಯ ನಾಡಲ್ಲ. ಚನ್ನಗಿರಿಯು ಸೂಳೆಕೆರೆಯ ನೀರನ್ನೂ ಅಡಿಕೆಯ ತೋಟಗಳನ್ನೂ ಉಳ್ಳದ್ದು. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿರುವುದು. ಜಗಳೂರಾದರೋ ಮಳೆಯನ್ನೇ ನಂಬಿದ ಬಯಲುಸೀಮೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗೆಗೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ಈಚಿನ ಮಾತು. ಇಲ್ಲಿಯ ಹುಡುಗನಾಗಲಿ ಹುಡುಗಿಯಾಗಲಿ ಶ್ರವಣಶಾಸ್ತ್ರವನ್ನು ಕಲಿಯಬೇಕೆಂದರೆ ಮೊದಲು ನೆನಪಿಗೆ ಬರುವ ಊರು ಮೈಸೂರು. ಅದಕ್ಕೆ ಚರಿತ್ರೆಯಲ್ಲಿ ಕಾರಣವುಂಟು.

ಭರತಖಂಡದಲ್ಲಿ ಕಿವುಡ ಮಕ್ಕಳ ಶಾಲೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದುವು. ಮುಂಬಯಿ ಮುಂದಾಯಿತು, ೧೮೯೩ರಲ್ಲಿ ಕಲ್ಕತ್ತೆ ಹಿಂಬಾಲಿಸಿತು. ಮೈಸೂರಿನಲ್ಲಿ ೧೯೦೧ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡರಿಗೂ ಅಂಧರಿಗೂ ಒಂದು ಶಾಲೆಯನ್ನು ತೆರೆದರು. ಆ ಮಹನೀಯರ ಕಾಲದಲ್ಲಿ ಕಿವಿ ಎಷ್ಟು ಕೇಳುತ್ತದೆ, ಯಾವ ಸ್ವರವನ್ನು ಬಿಡುತ್ತದೆ ಎಂದು ಅಳೆದು ನೋಡುವ ವಿದ್ಯುದ್ಯಂತ್ರಗಳಿರಲಿಲ್ಲ. ಚಪ್ಪಾಳೆ ತಟ್ಟಿಯೋ, ಗಂಟೆ ಬಾರಿಸಿಯೋ, ಶ್ರುತಿಕವಲನ್ನು ಮೀಟಿಯೋ ನೋಡುತ್ತಿದ್ದರು. ಮಗುವು ತಿರುಗಿದರೆ ಕೇಳಿತು, ತಿರುಗದಿದ್ದರೆ ಕೇಳಲಿಲ್ಲ. ಇವೆರಡರ ನಡುವೆ ಇರುವ ನೂರು ಮೆಟ್ಟಿಲುಗಳು ಯಾರ ಎಣಿಕೆಗೂ ಬರುತ್ತಿರಲಿಲ್ಲ.

ಆ ಮೆಟ್ಟಿಲುಗಳನ್ನು ಎಣಿಸುವ ವಿದ್ಯೆಗೆ ‘ಆಡಿಯೋಲಜಿ’ ಎಂಬ ಹೆಸರು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ಹೆಸರೇನೋ ಅರ್ಧ ಲ್ಯಾಟಿನು, ಅರ್ಧ ಗ್ರೀಕು. ಪಂಡಿತರು ಅದನ್ನು ನೋಡಿ ಮೂಗು ಮುರಿದರೆ ಆಶ್ಚರ್ಯವಿಲ್ಲ. ಫಿರಂಗಿಗಳ ಸದ್ದಿಗೆ ಕಿವಿ ಕಳೆದುಕೊಂಡು ಮರಳಿದ ಅಮೆರಿಕದ ಸಿಪಾಯಿಗಳಿಗಾಗಿ ಸೈನ್ಯದ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಶಾಖೆಗಳು ಏರ್ಪಟ್ಟುವು. ಅಂತಹ ಒಂದರಲ್ಲಿ ಕೆಲಸ ಮಾಡಿದ ರೇಮಂಡ್ ಕಾರ್ಹಾರ್ಟ್ ಎಂಬ ವಿದ್ವಾಂಸನು ಮುಂದೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರವನ್ನು ನೆಲೆಗೊಳಿಸಿದನು. ಯುದ್ಧವು ಮಾಡಿದ ಅನರ್ಥದಿಂದ ಇಷ್ಟೊಂದು ಪ್ರಯೋಜನವು ಲೋಕಕ್ಕಾಯಿತು.

ಇಪ್ಪತ್ತು ವರ್ಷಗಳೊಳಗೆ ಆ ವಿದ್ಯೆಯು ಮೈಸೂರನ್ನು ಮುಟ್ಟಿತು. ೧೯೬೫ರಲ್ಲಿ ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು ಇಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಮೊದಲು ಅದಕ್ಕೆ ‘ಲೋಗೋಪೀಡಿಕ್ಸ್’ ಎಂಬ ಹೆಸರಿದ್ದಿತು. ೧೯೬೬ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಗಿ ‘ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ’ಯೆಂಬ ಈಗಿನ ಹೆಸರನ್ನು ಪಡೆಯಿತು. ರಾಷ್ಟ್ರಾಧ್ಯಕ್ಷರಾಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರು ಆ ವರ್ಷ ಅದರ ಶಂಕುಸ್ಥಾಪನೆಯನ್ನು ನೆರವೇರಿಸಿದರು. ಅವರೇ ಒಂದು ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಡಾ. ಬಿ. ಎಂ. ರಾವ್ ಅವರು ಮೊದಲ ನಿರ್ದೇಶಕರಾಗಿದ್ದರು. ಮುಂದೆ ಆ ಸ್ಥಾನಕ್ಕೆ ಬಂದ ಡಾ. ಎನ್. ರತ್ನ ಅವರು ಕನ್ನಡ ನಾಟಕರಂಗಕ್ಕೂ ಪರಿಚಿತರಾದವರು.

ಸಾಮಾನ್ಯವಾಗಿ ವಿದ್ಯಾಲಯಗಳು ಕೆಳಗಿನ ತರಗತಿಯಿಂದ ಮೇಲಕ್ಕೆ ಬೆಳೆಯುವುವು. ಇಲ್ಲಿ ಹಾಗಾಗಲಿಲ್ಲ. ಮೊದಲು ಸ್ನಾತಕೋತ್ತರವಾದ ಎಂ.ಎಸ್‌ಸಿ. ತರಗತಿಯೇ ಆರಂಭವಾಯಿತು, ಬಿ.ಎಸ್‌ಸಿ.ಯು ಎರಡು ವರ್ಷಗಳ ತರುವಾಯ, ೧೯೬೮ರಲ್ಲಿ, ಬಂದಿತು. ಕಲಿಸುವವರೇ ಇಲ್ಲದ ನಾಡಿನಲ್ಲಿ ಮೊದಲು ಕಲಿಸಬಲ್ಲವರನ್ನು ಸಿದ್ಧಪಡಿಸಬೇಕಾಗಿದ್ದುದರಿಂದ ಈ ವ್ಯತ್ಯಸ್ತಕ್ರಮವು ಯುಕ್ತವಾಗಿಯೇ ಇದ್ದಿತೆಂದು ನನ್ನ ಅಭಿಪ್ರಾಯ. ಪದವಿಯನ್ನು ಕೊಡುತ್ತಿದ್ದುದು ಮೈಸೂರು ವಿಶ್ವವಿದ್ಯಾನಿಲಯ. ವಾಕ್ಕೂ ಶ್ರವಣವೂ ಒಂದೇ ಎಂ.ಎಸ್‌ಸಿ.ಯಲ್ಲಿ ಜೋಡಿಯಾಗಿ ಬಹುಕಾಲ ನಡೆದುವು. ಈ ಶತಮಾನದ ಮೊದಲ ದಶಕದಲ್ಲಿ ಅವು ಬೇರ್ಪಟ್ಟು ಶ್ರವಣಶಾಸ್ತ್ರಕ್ಕೇ ಪ್ರತ್ಯೇಕವಾದ ಸ್ನಾತಕೋತ್ತರ ಪದವಿಯುಂಟಾಯಿತು. ೧೯೯೨ರ ಶಾಸನದಿಂದ ಬಲಗೊಂಡ ಭಾರತೀಯ ಪುನರ್ವಸತಿ ಪರಿಷತ್ತು ಪಾಠಕ್ರಮಕ್ಕೂ ವೃತ್ತಿಗೂ ಕಟ್ಟಳೆಗಳನ್ನು ವಿಧಿಸಿತು.

ನಮ್ಮ ತಾಲ್ಲೂಕಿನ ವಿದ್ಯಾರ್ಥಿಯು ಹಿಡಿಯಬೇಕಾದ ದಾರಿ ಇಂತಿದೆ. ವಿಜ್ಞಾನದಲ್ಲಿ ಪಿ.ಯು.ಸಿ., ಪ್ರವೇಶಪರೀಕ್ಷೆ, ಆಮೇಲೆ ಕಡೆಯ ವರ್ಷ ಪೂರ್ತಿ ಕೆಲಸದ ತರಬೇತಿಯುಳ್ಳ ನಾಲ್ಕು ವರ್ಷಗಳ ಮೊದಲ ಪದವಿ. ಅದರ ಮೇಲೆ ಎರಡು ವರ್ಷಗಳ ಎಂ.ಎಸ್‌ಸಿ. ಈ ಎರಡು ವರ್ಷಗಳಲ್ಲಿ ಒಂದು ಪ್ರಬಂಧವನ್ನು ಸ್ವತಂತ್ರ ಶೋಧನೆಯಿಂದ ಬರೆದೊಪ್ಪಿಸಬೇಕು. ಬೆಳಗಿನ ಹೊತ್ತು ರೋಗಿಗಳನ್ನು ಪರೀಕ್ಷಿಸುತ್ತ, ಉಳಿದ ಹೊತ್ತು ಪಾಠ ಕೇಳುತ್ತ ನಡೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಪಾಠವು ಮೊದಲು ತೊಡಕಾಗುವುದು ಸಹಜ. ಆದರೆ ರೋಗಿಯ ಮುಂದೆ ಕುಳಿತಾಗ ಈ ತೊಡಕು ತಿರುಗುಮುರುಗಾಗುತ್ತದೆ. ಆ ಮಾತನ್ನು ಮುಂದೆ ಹೇಳುವೆನು.

ಈ ವಿದ್ಯೆಯ ಸೂಕ್ಷ್ಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎಡಗಿವಿ ಕೆಟ್ಟವನಿಗೆ ಆ ಕಿವಿಯಲ್ಲಿ ಗಟ್ಟಿಯಾದ ಸ್ವರವನ್ನು ಕೊಟ್ಟು ಕೇಳಿಸಿತೇ ಎಂದರೆ “ಕೇಳಿಸಿತು” ಎನ್ನುವನು. ಕೇಳಿದ್ದು ಎಡಗಿವಿಯಲ್ಲ! ಸ್ವರವು ತಲೆಬುರುಡೆಯ ಎಲುಬಿನಲ್ಲಿ ಹಾದು ಬಲಗಿವಿಯನ್ನು ಮುಟ್ಟಿರುತ್ತದೆ. ಆದುದರಿಂದ ಬಲಗಿವಿಗೆ ಬೇರೊಂದು ಗದ್ದಲವನ್ನು ಕೊಟ್ಟು, ಅದನ್ನು ಆ ಕೆಲಸದಲ್ಲಿ ತೊಡಗಿಸಿ, ಎಡಗಿವಿಯನ್ನು ಒಂಟಿಯಾಗಿ ಪರೀಕ್ಷಿಸಬೇಕು. ಗದ್ದಲ ಕಡಿಮೆಯಾದರೆ ಮೋಸ, ಹೆಚ್ಚಾದರೆ ಇನ್ನೊಂದು ಬಗೆಯ ಮೋಸ. ಮಾತನಾಡಲಾರದ ಎಳೆಗೂಸಿಗಾದರೋ ಬೇರೆ ಉಪಾಯ. ಮಗು ನಿದ್ರಿಸುತ್ತಿರುವಾಗ ತಲೆಗೆ ತಂತಿಗಳನ್ನು ಅಂಟಿಸಿ, ಸದ್ದಾದ ಮೇಲೆ ಸೆಕೆಂಡಿನ ನೂರರಲ್ಲೊಂದು ಭಾಗದೊಳಗೆ ಮಿದುಳಿನ ಕಾಂಡದಲ್ಲಿ ಏಳುವ ವಿದ್ಯುತ್ತರಂಗಗಳನ್ನು ನೋಡುವರು. ಇನ್ನೊಂದು ಬಗೆಯು ಇದಕ್ಕಿಂತಲೂ ಸೋಜಿಗದ್ದು. ೧೯೭೮ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿಯು ಆರೋಗ್ಯವಾದ ಕಿವಿಯು ಕೇಳುವುದಷ್ಟೇ ಅಲ್ಲ, ತಾನೂ ಅತಿ ಸಣ್ಣದಾಗಿ ಮಾರ್ದನಿಗೊಡುವುದೆಂದು ತೋರಿಸಿದನು. ಆ ಮಾರ್ದನಿಯನ್ನು ಹಿಡಿಯುವ ಪುಟ್ಟ ಯಂತ್ರದಿಂದ ಹುಟ್ಟಿದ ಒಂದೆರಡು ದಿನದ ಕೂಸನ್ನು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸಬಹುದಾಗಿದೆ.

ಇನ್ನು ಕನ್ನಡದ ಮಾತು. ಸ್ವರ ಕೇಳಿದರೆ ಸಾಲದು, ಮಾತು ತಿಳಿಯಬೇಕು. ಅದನ್ನು ಅಳೆಯಲು ಶಬ್ದಗಳ ಪಟ್ಟಿ ಬೇಕು. ಅಮೆರಿಕದಿಂದ ಬಂದ ಪಟ್ಟಿಗಳು ಇಂಗ್ಲಿಷಿನ ಏಕಾಕ್ಷರದ ಶಬ್ದಗಳಿಂದ ಕೂಡಿದ್ದುವು. ಜಗಳೂರಿನ ರೈತನಿಗೆ ಅವು ಏತಕ್ಕೆ ಬಂದಾವು? ಕನ್ನಡಕ್ಕೆ ಅದೇ ಅಚ್ಚಿನಲ್ಲಿ ಪಟ್ಟಿಯನ್ನು ಎರಕ ಹೊಯ್ಯುವುದೂ ಆಗದ ಕೆಲಸ. ಕೈ, ಹೂ, ಬಾ, ತಾ ಎಂಬಂತಹ ಕೆಲವನ್ನು ಬಿಟ್ಟರೆ ನಮ್ಮ ನುಡಿಯಲ್ಲಿ ಏಕಾಕ್ಷರದ ಪದಗಳು ವಿರಳ. ಮರ, ಕಾಲು, ಸಾಲ, ತಾಳ ಎಂದು ಎರಡಕ್ಷರದವೇ ಹೆಚ್ಚು, ಮತ್ತು ಬಹುಮಟ್ಟಿಗೆ ಎಲ್ಲವೂ ಸ್ವರದಲ್ಲಿಯೇ ನಿಲ್ಲತಕ್ಕವು. ಆದುದರಿಂದ ಮೈಸೂರಿನ ಸಂಶೋಧಕರು ಭಾಷೆಯಲ್ಲಿ ಧ್ವನಿಗಳು ಬರುವ ಪ್ರಮಾಣಕ್ಕೆ ಅನುಗುಣವಾಗಿ ಎರಡಕ್ಷರದ ಪದಗಳನ್ನು ಆಯ್ದು ಕನ್ನಡಕ್ಕೇ ಪ್ರತ್ಯೇಕ ಪಟ್ಟಿಗಳನ್ನು ರಚಿಸಿದರು. ವಯಸ್ಸಿನಿಂದಲೋ ಯಂತ್ರಗಳ ಸದ್ದಿನಿಂದಲೋ ಕಿವಿ ಕೆಟ್ಟವರು ಸಾಮಾನ್ಯವಾಗಿ ಎತ್ತರದ ಧ್ವನಿಗಳನ್ನು ಮೊದಲು ಕಳೆದುಕೊಳ್ಳುವರು. ಸಕಾರ ಶಕಾರಗಳು ಅವರಿಗೆ ಮಾಯವಾಗುವುವು. ‘ಸಾಲ’ವೆಂದರೆ ‘ಕಾಲ’ವೋ ‘ತಾಳ’ವೋ ಎಂದು ಹಿಂದೆಮುಂದೆ ನೋಡುವರು. ಮನೆಯವರು ಅದನ್ನು ಮರೆವೆಂದೋ ಹಟವೆಂದೋ ತಿಳಿಯುವರು.

ಇಲ್ಲಿಯೇ ನಾನು ಮೇಲೆ ಹೇಳಿದ ತಿರುಗುಮುರುಗು. ಹೊನ್ನಾಳಿಯ ಕಡೆಯ ಅಜ್ಜಿಯೊಬ್ಬಳು “ಕೇಳಸ್ತೈತಪ್ಪ, ಆದ್ರ ತಿಳಿಯಂಗಿಲ್ಲ” ಎಂದರೆ, ಆ ಒಂದು ಮಾತಿನಲ್ಲಿ ಒಳಗಿವಿಯ ನರದ ದೋಷದ ಲಕ್ಷಣವೇ ಅಡಗಿರುತ್ತದೆ. ಅದನ್ನು ಕೇಳಿದೊಡನೆ ಹಿಡಿಯಬಲ್ಲವನು ಆ ಸೀಮೆಯ ನುಡಿಯನ್ನು ಬಲ್ಲ ವಿದ್ಯಾರ್ಥಿಯೇ ಹೊರತು ದೂರದಿಂದ ಬಂದ ಪ್ರವೀಣನಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದುದು ಕೊರತೆಯೆಂದು ಕುಗ್ಗುವ ನಮ್ಮ ಮಕ್ಕಳಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ಕಲಿತವರು ಎಲ್ಲಿಗೆ ಹೋದರು? ಮೈಸೂರಿನ ಮೊದಲ ತಲೆಮಾರುಗಳ ಪದವೀಧರರಲ್ಲಿ ಅನೇಕರು ಅಮೆರಿಕಕ್ಕೆ ತೆರಳಿ ಅಲ್ಲಿಯೇ ಹೆಸರು ಮಾಡಿದರು. ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಇಲ್ಲಿ ಅವರಿಗೆ ಒಂದು ನಿಶ್ಶಬ್ದವಾದ ಕೊಠಡಿಯೂ ಒಂದು ಯಂತ್ರವೂ ಎಲ್ಲಿದ್ದುವು? ೨೦೦೬-೦೭ರಲ್ಲಿ ಕೇಂದ್ರ ಸರ್ಕಾರವು ಕಿವುಡುತನದ ನಿವಾರಣೆಗೆ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಅನುಕೂಲವನ್ನು ಕಲ್ಪಿಸಲು ಉದ್ದೇಶಿಸಿತು. ಜಿಲ್ಲೆಯ ಮಟ್ಟಕ್ಕೆ ಬಂದುದು ತಾಲ್ಲೂಕಿಗೆ ಇಳಿಯುವುದು ನಿಧಾನ. ಕೂಲಿ ಮಾಡುವ ತಾಯಿಯು ಜಗಳೂರಿನ ಒಳಹಳ್ಳಿಯಿಂದ ದಾವಣಗೆರೆಗೆ ಮಗುವನ್ನು ಒಂದು ಸಲ ತರಬಲ್ಲಳು. ಶ್ರವಣಯಂತ್ರವನ್ನು ಹಾಕಿದ ಮೇಲೆ ಮಾತು ಕಲಿಸುವುದಕ್ಕಾಗಿ ವರ್ಷಗಟ್ಟಲೆ, ವಾರ ವಾರವೂ ತರಬೇಕಾಗುವುದು, ಅಲ್ಲಿ ಸೋಲುವಳು. ಯಂತ್ರವು ಕಪಾಟಿನಲ್ಲಿ ಉಳಿಯುವುದು.

ಮಠಗಳು ಈ ಕಾರ್ಯಕ್ಕೆ ಹೊರತಾಗಿಲ್ಲ. ೧೯೫೪ರಲ್ಲಿ ಸುತ್ತೂರು ವೀರಸಿಂಹಾಸನ ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಸ್ಥಾಪಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿಯೂ ಧಾರವಾಡದಲ್ಲಿಯೂ ವಾಕ್ ಮತ್ತು ಶ್ರವಣ ಸಂಸ್ಥೆಗಳನ್ನು ನಡೆಸುತ್ತಿದೆ. ನಮ್ಮ ಸೀಮೆಯವರಿಗೆ ಮೈಸೂರಿಗಿಂತ ಧಾರವಾಡವೇ ಹತ್ತಿರ. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿ ವೈದ್ಯರೂ ಇಂಜಿನಿಯರರೂ ಆದವರು ಈ ಸಂಪುಟವನ್ನು ಓದುವವರಲ್ಲಿಯೇ ಎಷ್ಟೋ ಮಂದಿ ಇದ್ದಾರು. ತಾಲ್ಲೂಕಿಗೆ ಒಬ್ಬರಂತೆ ನಾಲ್ವರನ್ನು ಈ ವ್ಯಾಸಂಗಕ್ಕೆ ಕಳುಹಿಸಿ, ಮರಳಿ ಬಂದು ಐದು ವರ್ಷ ಇಲ್ಲಿ ಸೇವೆ ಸಲ್ಲಿಸುವಂತೆ ಮಾತು ಪಡೆಯುವುದು ಯಾವ ಮಠಕ್ಕೂ ಮೀರಿದ ಭಾರವಲ್ಲ.

ಬಂದವರಿಗೆ ಕೆಲಸಕ್ಕೇನೂ ಕೊರತೆಯಿಲ್ಲ. ಅಡಿಕೆ ಸುಲಿಯುವ ಯಂತ್ರದ ಬಳಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ದಿನವೆಲ್ಲ ನಿಲ್ಲುವವರಿದ್ದಾರೆ. ಕಿವಿ ಸೋರಿದರೆ ಕಾಯಿಸಿದ ಎಣ್ಣೆಯನ್ನು ಹೊಯ್ಯುವ ಮನೆಗಳಿವೆ. ಸೋದರಮಾವ, ಅಕ್ಕನ ಮಗಳು ಎಂಬ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಗಳು ನಡೆಯುವ ಮನೆತನಗಳಲ್ಲಿ ಹುಟ್ಟುಗಿವುಡು ಬರುವ ಸಂಭವವು ಹೆಚ್ಚು. ತಂದೆತಾಯಿಗಳಿಬ್ಬರಿಗೂ ಕಿವಿ ಚೆನ್ನಾಗಿದ್ದರೂ ಇಬ್ಬರಲ್ಲಿಯೂ ಅಡಗಿರುವ ಒಂದೇ ದೋಷಬೀಜವು ಮಗುವಿನಲ್ಲಿ ಕೂಡಿಕೊಳ್ಳಬಹುದು. ಇದನ್ನು ಯಾರ ಮನಸ್ಸನ್ನೂ ನೋಯಿಸದೆ ಪಡಸಾಲೆಯಲ್ಲಿ ಕುಳಿತು ಹೇಳುವುದಕ್ಕೆ ಊರಿನವರೇ ಬೇಕು.

ಶಾಸ್ತ್ರಜ್ಞರು ವಿಧಿಸಿರುವ ಅವಧಿ ಹೀಗಿದೆ: ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ನಿಶ್ಚಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ನಮ್ಮಲ್ಲಿ ಹೆಸರಿಡುವ ದಿನ ಸೋದರತ್ತೆಯು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ “ಕುರ್ರ್” ಎಂದು ಹೆಸರನ್ನು ಕರೆಯುವಳು. ಎಷ್ಟೋ ಮನೆಗಳಲ್ಲಿ ಅದು ಆ ಮೊದಲ ತಿಂಗಳೊಳಗೇ ಬರುತ್ತದೆ. ಆ ಹೊತ್ತಿಗೆ ಪುಟ್ಟ ಯಂತ್ರವೂ ಒಮ್ಮೆ ಆ ಕಿವಿಯನ್ನು ಮುಟ್ಟಿ ಬಂದಿದ್ದರೆ, ಅತ್ತೆಯು ಕರೆದ ಹೆಸರು ಮಗುವಿಗೆ ಕೇಳಿಸಿತೋ ಇಲ್ಲವೋ ಎಂಬುದು ಮನೆಯವರಿಗೆ ಅಂದೇ ತಿಳಿದಿರುವುದು.