ಬಯೊನೆಟ್ ಮೇಲಿನ ಮೂರು ಅಕ್ಷರ

ಹಳೇ ಕ್ಷೌರದ ಕತ್ತಿಯ ಮೇಲೆ 'ಸೋಲಿಂಗನ್, ಜರ್ಮನಿ' ಅನ್ನುವ ಮುದ್ರೆ ನೋಡಿದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಜರ್ಮನಿಯ ಪಶ್ಚಿಮ ಭಾಗದಲ್ಲಿ ವುಪ್ಪರ್ ನದಿಯ ಪಕ್ಕದ ಊರು ಅದು. ನೂರಾರು ವರ್ಷಗಳಿಂದ ಅಲ್ಲಿ ಕತ್ತಿ, ಚಾಕು, ಕತ್ತರಿಯದೇ ಕಸುಬು. ಆ ಊರಿನ ಹೆಸರನ್ನು ಬೇರೆ ಊರಿನವರು ತಮ್ಮ ಮಾಲಿನ ಮೇಲೆ ಹಾಕಿಕೊಳ್ಳಬಾರದು ಅಂತ 1938ರಲ್ಲಿ ಕಾನೂನೇ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಈ ಊರಿನ ಹಲವು ಕಾರ್ಖಾನೆಗಳು ಜರ್ಮನ್ ಸೈನ್ಯಕ್ಕೆ ಬಯೊನೆಟ್ ಮಾಡಿಕೊಡುತ್ತಿದ್ದವು. ಇವತ್ತಿಗೂ ಹಲವು ದೇಶಗಳಲ್ಲಿ ಅವನ್ನು ಹುಡುಕಿ ಕೂಡಿಡುವ ಹವ್ಯಾಸಿಗಳಿದ್ದಾರೆ.

ಬಯೊನೆಟ್ ಅಂದರೆ ಬಂದೂಕಿನ ನಳಿಗೆಯ ತುದಿಗೆ ಸಿಕ್ಕಿಸುವ ಕತ್ತಿ. ಜರ್ಮನ್ ಸೈನಿಕರ ಮೌಸರ್ ಬಂದೂಕಿಗೆ ಸೇರುತ್ತಿದ್ದ ಬಯೊನೆಟ್‌ಗೆ 84/98 ಅಂತ ಹೆಸರು. ಅಲಗು ಸುಮಾರು 25 ಸೆಂಟಿಮೀಟರ್. ಹಿಡಿಗೆ ಮೊದಲು ಮರ, ಆಮೇಲೆ ಕಂದುಕೆಂಪು ಬೇಕಲೈಟ್. ಒರೆ ಉಕ್ಕಿನದು. ಮೆಷಿನ್‌ಗನ್ನು, ಫಿರಂಗಿಗಳ ಆ ಯುದ್ಧದಲ್ಲಿ ಇದರಿಂದ ಇರಿದದ್ದಕ್ಕಿಂತ ಡಬ್ಬಿ ಮುಚ್ಚಳ ತೆಗೆದದ್ದು, ಕಟ್ಟಿಗೆ ಸೀಳಿದ್ದೇ ಹೆಚ್ಚಿರಬೇಕು ಅನ್ನುವುದು ನಮ್ಮ ಅಂದಾಜು.

ಒರೆಯನ್ನು ಬೆಲ್ಟಿಗೆ ನೇತುಹಾಕುವ ಚರ್ಮದ ತುಂಡಿಗೆ ಇಂಗ್ಲಿಷಿನಲ್ಲಿ ಫ್ರಾಗ್ ಅನ್ನುತ್ತಾರೆ. ಕಪ್ಪೆಗೂ ಇದಕ್ಕೂ ಏನೂ ಸಂಬಂಧವಿಲ್ಲ ಬಿಡಿ. ಕೊಡವರು ಒಡಿಕತ್ತಿ ಸಿಕ್ಕಿಸಿಕೊಳ್ಳಲು ಬೆನ್ನ ಹಿಂದೆ ಕಟ್ಟುವ ತೊಡಂಗ್ ನೋಡಿದ್ದೀರಲ್ಲ, ಇದರ ಕೆಲಸವೂ ಅದೇ. ತೊಡಂಗ್ ಲೋಹದ್ದು, ಇದು ಚರ್ಮದ್ದು, ಅಷ್ಟೇ ವ್ಯತ್ಯಾಸ. ಮೇಲುಗಡೆ ಬೆಲ್ಟು ತೂರುವ ಕುಣಿಕೆ, ಕೆಳಗೆ ಒರೆ ಇಳಿಯುವ ಗೂಡು, ಗೂಡಿನ ಮುಂಭಾಗದಲ್ಲಿ ಒಂದು ಸೀಳು. ಒರೆಯ ಮೇಲಿನ ಉಬ್ಬಿದ ಗುಬುಟು ಆ ಸೀಳಿಗೆ ಸಿಕ್ಕಿಕೊಂಡರೆ ಒರೆ ಜಾರದು. ಕುದುರೆ ಸವಾರರ ಫ್ರಾಗ್‌ಗೆ ಹಿಡಿಯನ್ನು ಬಿಗಿಯುವ ಒಂದು ಪಟ್ಟಿ ಹೆಚ್ಚಿಗೆ ಇರುತ್ತಿತ್ತು, ಕುದುರೆ ಓಡುವಾಗ ಕತ್ತಿ ಎಗರಿ ಬೀಳಬಾರದಲ್ಲ. ಆಫ್ರಿಕಾದ ಮರಳುಗಾಡಿಗೆ ಹೋದವರಿಗೆ ಚರ್ಮದ ಬದಲು ಬಟ್ಟೆ ಪಟ್ಟಿಯ ಫ್ರಾಗ್ ಕೊಟ್ಟಿದ್ದೂ ಉಂಟು. ಆ ಮರಳುಗಾಡಿನಲ್ಲಿ ಜರ್ಮನರ ಎದುರು ನಿಂತ ಭಾರತೀಯ ಸೈನಿಕರಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್‌ನವರೂ ಇದ್ದರು.

ಬಯೊನೆಟ್ ಕೈಗೆ ಬಂದ ಕೂಡಲೇ ಹವ್ಯಾಸಿಗಳು ನೋಡುವುದು ಹೊಳಪನ್ನಲ್ಲ, ಅದರ ಮೇಲೆ ಒತ್ತಿದ ಗುರುತುಗಳನ್ನು. ಮೊದಲನೇ ಮಹಾಯುದ್ಧ ಸೋತ ಜರ್ಮನಿಯ ಶಸ್ತ್ರಾಸ್ತ್ರ ತಯಾರಿಕೆಗೆ ವರ್ಸೇಲ್ಸ್ ಒಪ್ಪಂದ ಮಿತಿ ಹಾಕಿತ್ತು. ಹಿಟ್ಲರ್ ಬಂದ ಮೇಲೆ ಕದ್ದುಮುಚ್ಚಿ ತಯಾರಿ ಜೋರಾಯಿತು. ಯಾವ ಕಾರ್ಖಾನೆ, ಯಾವ ವರ್ಷ ಅಂತ ಹೊರಗಿನವರಿಗೆ ತಿಳಿಯಬಾರದು. ಅದಕ್ಕೆ ಹೆಸರಿನ ಬದಲು ನಂಬರು ಹಾಕಿದರು. 1934ಕ್ಕೆ 'ಕೆ' ಅಕ್ಷರ, 1935ಕ್ಕೆ 'ಜಿ'. ಆಮೇಲೆ ಭಯ ಹೋಯಿತು, ಕಂಪನಿಯ ಹೆಸರನ್ನೇ ರಾಜಾರೋಷವಾಗಿ ಒತ್ತಿದರು. ಯುದ್ಧ ಶುರುವಾದ ಮೇಲೆ ಮತ್ತೆ ಮುಚ್ಚಿಟ್ಟರು. ಈ ಸಲ ಮೂರು ಅಕ್ಷರದ ಗುಪ್ತ ಗುರುತು. 'ಸಿಒಎಫ್' ಇದ್ದರೆ ಸೋಲಿಂಗನ್ನಿನ ಕಾರ್ಲ್ ಐಕ್‌ಹಾರ್ನ್ ಕಂಪನಿಯದು.

'ಎಫ್‌ಎನ್‌ಜೆ' ಅನ್ನುವ ಗುರುತೂ ಒಂದಿದೆ. ಅದು ಅದೇ ಊರಿನ ಅಲೆಕ್ಸಾಂಡರ್ ಕೊಪ್ಪೆಲ್ ಕಂಪನಿಯದು. 1821ರಲ್ಲಿ ಅದನ್ನು ಕಟ್ಟಿದ್ದು ಒಂದು ಯೆಹೂದಿ ಕುಟುಂಬ. ಆ ಮನೆತನದ ಗುಸ್ತಾವ್ ಕೊಪ್ಪೆಲ್ ಅವರಿಗೆ ಊರು ಗೌರವ ಪೌರತ್ವ ಕೊಟ್ಟು ಮೆರೆಸಿತ್ತು. ನಾಜಿಗಳು ಬಂದ ಮೇಲೆ 1930ರ ದಶಕದಲ್ಲಿ ಕಂಪನಿ ಆ ಕುಟುಂಬದ ಕೈತಪ್ಪಿತು. 'ಆರ್ಯೀಕರಣ' ಅಂತ ಅದಕ್ಕೊಂದು ಸರ್ಕಾರಿ ಹೆಸರು, ಕಿತ್ತುಕೊಂಡರು ಅನ್ನುವುದು ನೇರ ಮಾತು. ಕಾರ್ಖಾನೆ ಮಾತ್ರ ನಿಲ್ಲಲಿಲ್ಲ, ಹಿಟ್ಲರನ ಸೈನ್ಯಕ್ಕೇ ಕತ್ತಿ ಮಾಡುತ್ತಾ ಹೋಯಿತು. ಹಿರಿಯರ ಹೆಸರನ್ನೇ ಇಟ್ಟುಕೊಂಡಿದ್ದ ಈ ತಲೆಮಾರಿನ ಡಾ. ಅಲೆಕ್ಸಾಂಡರ್ ಕೊಪ್ಪೆಲ್ ಅವರಿಗೆ ಆಗ ಎಪ್ಪತ್ತು ದಾಟಿತ್ತು. 1942ರಲ್ಲಿ ಅವರನ್ನು ತೆರೆಜಿನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. ಅದೇ ವರ್ಷ ಅಲ್ಲೇ ತೀರಿಕೊಂಡರು. ಇವತ್ತು ಸೋಲಿಂಗನ್‌ನಲ್ಲಿ ಅವರ ಹೆಸರಿನ ಶಾಲೆಯೊಂದಿದೆ.

ಬಯೊನೆಟ್ ಮಾರುವವರ ಪಟ್ಟಿಯಲ್ಲಿ ಇದೇನೂ ಬರುವುದಿಲ್ಲ. ಅಲ್ಲಿ ಇರುವುದು 'ನಂಬರು ಹೊಂದುತ್ತದೆ' ಅನ್ನುವ ಮಾತು. ಅಲಗಿನ ಮೇಲಿನ ನಂಬರೂ ಒರೆಯ ಮೇಲಿನ ನಂಬರೂ ಒಂದೇ ಆಗಿದ್ದರೆ ಬೆಲೆ ಏರುತ್ತದೆ. ಫ್ರಾಗ್ ವಿಷಯ ಬೇರೆ. ಅದರ ಹಿಂಭಾಗದಲ್ಲಿ ಚಮ್ಮಾರಿಕೆ ಕಂಪನಿಯ ಹೆಸರು, ಊರು, ವರ್ಷ ಒತ್ತಿರುತ್ತಾರೆ, ಯುದ್ಧದ ಕೊನೆಕೊನೆಗೆ ಹೆಸರಿನ ಬದಲು ಉದ್ದನೆಯ ನಂಬರು. ಅಲಗಿಗೆ ಹೊಂದುವ ನಂಬರು ಅದರಲ್ಲಿ ಇರುವುದಿಲ್ಲ. ಹಾಗಾಗಿ ಎಲ್ಲಿಯದೋ ಫ್ರಾಗನ್ನು ಯಾವುದೋ ಕತ್ತಿಗೆ ತೊಡಿಸಿ 'ಯುದ್ಧಭೂಮಿಯಿಂದ ಬಂದದ್ದು' ಅಂತ ಮಾರುವುದು ಸುಲಭ. ವರ್ಷ ಹೊಂದಲಿಲ್ಲ ಅಂದ ಮಾತ್ರಕ್ಕೆ ಮೋಸ ಅಂತಲೂ ಹೇಳಲಾಗದು. ಚರ್ಮ ಹರಿದರೆ ಸೈನ್ಯದ ಉಗ್ರಾಣದಿಂದ ಬೇರೆ ಕೊಡುತ್ತಿದ್ದರು. ಬೆಲ್ಟು ಉಜ್ಜಿ ಸವೆದ ಕುಣಿಕೆ, ಗುಬುಟು ಕೂತು ಅಗಲವಾದ ಸೀಳು ಕಂಡರೆ ನಾವಂತೂ ವರ್ಷಕ್ಕಿಂತ ಅದನ್ನೇ ನಂಬುತ್ತೇವೆ.

ಫೋನಿನಲ್ಲಿ ಫೋಟೊ ನೋಡಿ ಒಂದು ತರಿಸೋಣ ಅಂತ ಹೊರಡುವವರಿಗೆ ಒಂದು ಮಾತು. ನಮ್ಮ ದೇಶದ ಆಯುಧ ನಿಯಮಗಳಲ್ಲಿ 9 ಇಂಚು ಮೀರಿದ ಅಲಗಿನ ಪ್ರಸ್ತಾಪವಿದೆ. 25 ಸೆಂಟಿಮೀಟರ್ ಅಂದರೆ ಹತ್ತಿರಹತ್ತಿರ 10 ಇಂಚು. ದುಡ್ಡು ಕಟ್ಟುವ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.