ಮಿಷನ್ ಆಸ್ಪತ್ರೆಯ ಹೆರಿಗೆ ಪುಸ್ತಕಗಳು

ಐವತ್ತನೆಯ ವಯಸ್ಸಿನಲ್ಲಿ ಬರುವ ಸಕ್ಕರೆ ಕಾಯಿಲೆಗೆ ತೊಟ್ಟಿಲಲ್ಲೇ ಮದ್ದು ಕೊಟ್ಟುಬಿಟ್ಟರೆ ಹೇಗೆ? ವಿಜ್ಞಾನಿಗಳು ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೈಗೆತ್ತಿಕೊಂಡಿದ್ದಾರೆ. ಅದರ ಹಿಂದಿನ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಇಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತಾಯಿಯ ತೂಕವನ್ನೂ ಸಹ. ಬರೆದವರಿಗೆ ಅದು ದಿನನಿತ್ಯದ ಕೆಲಸ. ಅರವತ್ತು ವರ್ಷದ ಮೇಲೆ ಯಾರೋ ಬಂದು ಅದನ್ನು ಓದಿಯಾರೆಂದು ಅವರಿಗೆ ಹೇಗೆ ತಿಳಿಯಬೇಕು? ಚರಿತ್ರೆಯೆಂದರೆ ಶಾಸನ, ನಾಣ್ಯ, ಅರಮನೆಯ ಕಡತಗಳಷ್ಟೇ ಎಂದು ನೀವು ಭಾವಿಸಿದ್ದರೆ, ಈ ಪುಸ್ತಕಗಳನ್ನೂ ಆ ಸಾಲಿಗೆ ಸೇರಿಸಿಕೊಳ್ಳಿ.

ಓದಿದವರು ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಮತ್ತು ಅವರ ಬಳಗ. ಶೈಶವದಲ್ಲಿ ತೂಕ ಕಡಿಮೆಯಿದ್ದವರು ಮುಂದೆ ಹೃದ್ರೋಗದಿಂದ ಸಾಯುವುದು ಹೆಚ್ಚೆಂದು ಬಾರ್ಕರ್ ತಮ್ಮ ದೇಶದ ಹಳೆಯ ದಾಖಲೆಗಳಿಂದ 1989ರಲ್ಲಿ ತೋರಿಸಿದ್ದರು. ನಮ್ಮಲ್ಲಿಯೂ ಹೀಗೆಯೇ? 1934ರಿಂದ 1954ರೊಳಗೆ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿ, ಅದರ ಆಸುಪಾಸಿನಲ್ಲೇ ಬಾಳುತ್ತಿದ್ದ 517 ಮಂದಿಯನ್ನು ಪರೀಕ್ಷಿಸಲಾಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದ್ರೋಗ, 3.1 ಕಿಲೋ ಮೀರಿದ್ದವರಲ್ಲಿ ಶೇಕಡಾ 3 ಮಾತ್ರ.

ಆದರೆ 1998ರಲ್ಲಿ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಅದೇ ಪುಸ್ತಕಗಳಲ್ಲಿ ಸಕ್ಕರೆ ಕಾಯಿಲೆಯ ಜಾಡು ಹಿಡಿದಾಗ ಲೆಕ್ಕ ತಲೆಕೆಳಗಾಯಿತು. ಕಾಯಿಲೆ ಹೆಚ್ಚಾಗಿದ್ದದ್ದು ಸಣಕಲಾಗಿ ಹುಟ್ಟಿದವರಲ್ಲಲ್ಲ, ಉದ್ದ ಕಡಿಮೆಯಿದ್ದು ಗುಂಡುಗುಂಡಾಗಿ ಹುಟ್ಟಿದವರಲ್ಲಿ, ತೂಕವುಳ್ಳ ತಾಯಂದಿರ ಮಕ್ಕಳಲ್ಲಿ! ತಾಯಿಯ ರಕ್ತದ ಸಕ್ಕರೆ ಮಾಸುವಿನ ಮೂಲಕ ಮಗುವಿಗೆ ದಾಟುತ್ತದೆ. ಅದನ್ನು ಅರಗಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ ಕೊಬ್ಬು ಕೂಡಿಸಿಕೊಳ್ಳುತ್ತದೆ. ಈ ತಾಯಂದಿರಲ್ಲಿ ಗರ್ಭಿಣಿಯಾಗಿದ್ದಾಗ ಸಕ್ಕರೆಯ ಹಿಡಿತ ಸಡಿಲವಾಗಿದ್ದಿರಬೇಕೆಂದು ಸಂಶೋಧಕರು ಊಹಿಸಿದರು.

ಈಗ ಮದ್ದಿನ ಮಾತಿಗೆ ಬರೋಣ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮಾರ್ಕ್ ವಿಕರ್ಸ್, ಪೀಟರ್ ಗ್ಲಕ್‌ಮನ್ ಮೊದಲಾದವರು ಗರ್ಭಿಣಿ ಇಲಿಗಳಿಗೆ ಅರೆಹೊಟ್ಟೆ ಹಾಕಿ, ಹುಟ್ಟಿದ ಹೆಣ್ಣುಮರಿಗಳಿಗೆ ಮೂರನೆಯ ದಿನದಿಂದ ಹದಿಮೂರನೆಯ ದಿನದವರೆಗೆ ಲೆಪ್ಟಿನ್ ಎಂಬ ಹಾರ್ಮೋನು ಕೊಟ್ಟರು. ಹಸಿವನ್ನು ಅಂಕೆಯಲ್ಲಿಡುವ ಹಾರ್ಮೋನು ಅದು. ಇಂಥ ಮರಿಗಳು ಬೆಳೆದು ಬೊಜ್ಜು ಬರಿಸಿಕೊಳ್ಳಬೇಕಿತ್ತು; ಮದ್ದು ಪಡೆದವು ಬರಿಸಿಕೊಳ್ಳಲಿಲ್ಲ. ಇದು 2005ರ ಸುದ್ದಿ. ಮೂರು ವರ್ಷದ ಬಳಿಕ ಅದೇ ಬಳಗ ಇನ್ನೊಂದನ್ನು ಕಂಡಿತು: ಹೊಟ್ಟೆತುಂಬ ಉಂಡ ತಾಯಿಯ ಗಂಡುಮರಿಗೆ ಅದೇ ಲೆಪ್ಟಿನ್ ಕೊಟ್ಟು, ಮುಂದೆ ಕೊಬ್ಬಿನ ಆಹಾರ ಹಾಕಿದಾಗ, ಅದು ಇನ್ನಷ್ಟು ದಪ್ಪವಾಯಿತು.

ಇದನ್ನು ಮೈಸೂರಿನ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿ. ಸೂಜಿ ಚುಚ್ಚಬೇಕಾದ ಮಗು ಯಾವುದು? ಹೃದಯದ ಲೆಕ್ಕದಲ್ಲಿ ಸಣಕಲು ಶಿಶು, ಸಕ್ಕರೆಯ ಲೆಕ್ಕದಲ್ಲಿ ಗುಂಡನೆಯದು. ತಕ್ಕಡಿಯೊಂದನ್ನೇ ನಂಬಿ ಹೊರಟವರು ಆರೋಗ್ಯವಂತ ಮಗುವಿಗೇ ರೋಗ ಅಂಟಿಸಿಯಾರು. ತಪ್ಪು ಬೆಳಕಿಗೆ ಬರುವುದಕ್ಕೂ ನಲವತ್ತು ವರ್ಷ ಬೇಕು. ಮನುಷ್ಯರ ಹಸುಗೂಸಿಗೆ ಇಂಥ ಮದ್ದು ಇನ್ನೂ ವಾಡಿಕೆಗೆ ಬಾರದಿರುವುದು ಒಳ್ಳೆಯದೇ ಎಂದು ನನಗನ್ನಿಸುತ್ತದೆ.

ಮಿಷನ್ ಆಸ್ಪತ್ರೆಯವರು ಹಿಡಿದ ದಾರಿ ಬೇರೆ. 1997-98ರಲ್ಲಿ 830 ಗರ್ಭಿಣಿಯರ ರಕ್ತದ ಸಕ್ಕರೆಯನ್ನೇ ಪರೀಕ್ಷಿಸಿದರು. ನೂರಕ್ಕೆ ಸುಮಾರು ಆರು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆಯಿತ್ತು. ಅಂಥ ತಾಯಂದಿರ ಮಕ್ಕಳ ಮೈಯಲ್ಲಿ ಒಂಬತ್ತೂವರೆ ವರ್ಷಕ್ಕೇ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ನಿನ ಕೆಲಸ ಮಂದವಾಗಿತ್ತು. ಆ ಮಕ್ಕಳು ಈಗ ಮೂವತ್ತರ ಹತ್ತಿರ ಬಂದಿದ್ದಾರೆ.