133ರ ಬೆನ್ನು ಹತ್ತಿ

ಒಂದು ತಾಲ್ಲೂಕು ಹಿಂದುಳಿದಿದೆ ಎಂದು ಸರ್ಕಾರವೇ ಬರೆದುಕೊಟ್ಟಿದೆ. ಅದನ್ನು ಮೇಲೆತ್ತಲು ಹಣವನ್ನೂ ತೆಗೆದಿರಿಸಿದೆ. ಆ ಹಣ ಆ ತಾಲ್ಲೂಕಿಗೇ ಹೋಯಿತೇ? ಮೇಲ್ನೋಟಕ್ಕೆ ಇದು ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗಬೇಕಾದ ಪ್ರಶ್ನೆ. ಎಷ್ಟು ಇಟ್ಟರು, ಎಷ್ಟು ಬಿಡುಗಡೆ ಮಾಡಿದರು, ಅದರಿಂದ ಏನಾಯಿತು ಎಂಬ ಮೂರು ಅಂಕಿಗಳನ್ನು ಅಕ್ಕಪಕ್ಕ ಬರೆದರೆ ಮುಗಿಯಿತು. ಹಾಗೆಂದುಕೊಂಡೇ ನಾನು ಕಡತಗಳ ಕಡೆ ಹೊರಟೆ.

ಹೊರಡುವ ಜಾಗದ ಬಗ್ಗೆ ಅನುಮಾನವಿರಲಿಲ್ಲ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2000ದಲ್ಲಿ, ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ ರಚನೆಯಾಯಿತು. 2002ರ ಜೂನ್‌ನಲ್ಲಿ ಅದು ವರದಿ ಕೊಟ್ಟಿತು. ಅದಕ್ಕೂ ಮುಂಚೆ ಪ್ರಾದೇಶಿಕ ಅನ್ಯಾಯದ ಮಾತು ಎದ್ದಾಗಲೆಲ್ಲ ವಿಭಾಗ, ಜಿಲ್ಲೆಗಳ ಲೆಕ್ಕದಲ್ಲೇ ವಾದ ನಡೆಯುತ್ತಿತ್ತು. ನಂಜುಂಡಪ್ಪ ಸಮಿತಿ ತಾಲ್ಲೂಕಿಗೆ ಇಳಿಯಿತು. ಆಗ ಇದ್ದ 175 ತಾಲ್ಲೂಕುಗಳನ್ನೂ ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ ಮೊದಲಾದ 35 ಸೂಚಕಗಳಿಂದ ಅಳೆಯಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿರುವ 114 ತಾಲ್ಲೂಕುಗಳನ್ನು ಮೂರು ಗುಂಪು ಮಾಡಿತು: ಹಿಂದುಳಿದವು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39. ರಾಯಚೂರು ಜಿಲ್ಲೆಯ ದೇವದುರ್ಗಕ್ಕೆ ಬಂದದ್ದು 0.53. ಅಂದರೆ ರಾಜ್ಯದ ಸರಾಸರಿಯ ಅರ್ಧಕ್ಕಿಂತ ತುಸು ಹೆಚ್ಚು.

ಈ ವರದಿಯನ್ನು ಬೆಂಗಳೂರಿನಲ್ಲಿ ಅನೇಕರು ‘ಉತ್ತರ ಕರ್ನಾಟಕದ ವರದಿ’ ಎಂದೇ ಕರೆಯುತ್ತಾರೆ. ಪಟ್ಟಿ ಹಾಗೆ ಹೇಳುವುದಿಲ್ಲ. 114ರಲ್ಲಿ 59 ಉತ್ತರದವು, 55 ದಕ್ಷಿಣದವು. ಅತ್ಯಂತ ಹಿಂದುಳಿದವುಗಳಲ್ಲಿ ವಿಧಾನಸೌಧದಿಂದ ಕೆಲವೇ ತಾಸಿನ ದಾರಿಯ ಕನಕಪುರ, ಮಾಗಡಿಗಳೂ ಇವೆ. ಆದರೆ ಹೊರೆ ಎಲ್ಲಿ ಹೆಚ್ಚು ಎಂಬುದರಲ್ಲಿ ಗೊಂದಲವಿಲ್ಲ. ಆ 39ರಲ್ಲಿ 26 ಉತ್ತರದಲ್ಲಿದ್ದವು, ಅದರಲ್ಲೂ 21 ಆಗಿನ ಗುಲ್ಬರ್ಗಾ ವಿಭಾಗವೊಂದರಲ್ಲೇ.

ಸಮಿತಿ ಕೇಳಿದ್ದು ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ. ಅದರಲ್ಲಿ 15,000 ಕೋಟಿ ಮಾಮೂಲಿ ಬಜೆಟ್ಟಿನಿಂದಲೇ ಬರಬೇಕು, 16,000 ಕೋಟಿ ಹೆಚ್ಚುವರಿಯಾಗಿ ಸಿಗಬೇಕು. ಈ ವಿಂಗಡಣೆಯನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ವರದಿಯ ಜೀವ ಇರುವುದೇ ‘ಹೆಚ್ಚುವರಿ’ ಎಂಬಲ್ಲಿ. ಹೇಗಿದ್ದರೂ ಕೊಡಬೇಕಾಗಿದ್ದ ಶಾಲೆಯ ದುಡ್ಡಿಗೆ ಹೊಸ ಹೆಸರು ಅಂಟಿಸಿದರೆ ಅಸಮತೋಲನ ಕರಗುವುದಿಲ್ಲ. ಯೋಜನೆ ಬಜೆಟ್ಟಿಗೆ ಬಂದದ್ದು 2007–08ರಲ್ಲಿ, ಅಂದರೆ ವರದಿ ಕೈಸೇರಿದ ಐದು ವರ್ಷದ ಮೇಲೆ. 31,000 ಕೋಟಿ ಎಂಬುದು 2002ರ ಬೆಲೆಯ ಲೆಕ್ಕ. ಸಿಮೆಂಟು, ಕಬ್ಬಿಣ, ಕೂಲಿ ಯಾವುದೂ ಆ ಬೆಲೆಯಲ್ಲಿ ಕಾದು ಕೂತಿರಲಿಲ್ಲ.

ಮುಂದಿನ ಮೆಟ್ಟಿಲು ಬಜೆಟ್ ಸಂಪುಟಗಳು. ಕರ್ನಾಟಕದ ಬಜೆಟ್ಟಿನಲ್ಲಿ ಪ್ರತಿ ಖರ್ಚಿಗೂ ಹದಿನೈದು ಅಂಕಿಯ ಲೆಕ್ಕ ಶೀರ್ಷಿಕೆ ಇರುತ್ತದೆ. ಮೊದಲ ನಾಲ್ಕು ಅಂಕಿ ಪ್ರಧಾನ ಶೀರ್ಷಿಕೆ: 2202 ಎಂದರೆ ಸಾಮಾನ್ಯ ಶಿಕ್ಷಣ, 2210 ಎಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ, 4 ಅಥವಾ 5ರಿಂದ ಶುರುವಾದರೆ ಬಂಡವಾಳ ವೆಚ್ಚ. ಕೊನೆಯ ಮೂರು ಅಂಕಿ ಖರ್ಚಿನ ಬಗೆಯನ್ನು ಹೇಳುತ್ತವೆ. ವಿಶೇಷ ಅಭಿವೃದ್ಧಿ ಯೋಜನೆಗೆ ಇಲ್ಲಿ ಸಿಕ್ಕ ಸಂಕೇತ 133.

ಸಂಕೇತ ಸಿಕ್ಕಿದ ಖುಷಿಯಲ್ಲಿ ಸಂಪುಟದಿಂದ ಸಂಪುಟಕ್ಕೆ 133 ಇರುವ ಸಾಲುಗಳನ್ನು ಹೆಕ್ಕುತ್ತಾ ಹೋದೆ. ನೀರಾವರಿಯಲ್ಲಿ ಇತ್ತು, ರಸ್ತೆಯಲ್ಲಿ ಇತ್ತು, ವಸತಿಯಲ್ಲಿ, ಶಿಕ್ಷಣದಲ್ಲಿ ಇತ್ತು. ಕೂಡಿಸಿದರೆ ಇಲಾಖಾವಾರು ಮೊತ್ತ ಸಿಗುತ್ತದೆ, ವರ್ಷವಾರು ಮೊತ್ತವೂ ಸಿಗುತ್ತದೆ. ದೇವದುರ್ಗದ ಮೊತ್ತ ಮಾತ್ರ ಸಿಗುವುದಿಲ್ಲ, ಏಕೆಂದರೆ ಆ ಹದಿನೈದು ಅಂಕಿಗಳಲ್ಲಿ ಒಂದೂ ತಾಲ್ಲೂಕನ್ನು ಸೂಚಿಸುವುದಿಲ್ಲ. ಇದು ಯಾವ ಇಲಾಖೆಯ ದುಡ್ಡು, ಯಾವ ಕೆಲಸಕ್ಕೆ, ಯಾವ ಬಗೆಯ ಖರ್ಚು ಎಂದು ಶೀರ್ಷಿಕೆ ಹೇಳುತ್ತದೆ. ಎಲ್ಲಿ ಎಂಬುದು ಅದರ ಹೊರಗೆ ಉಳಿದಿದೆ. ಶಾಸಕಾಂಗದ ಮುಂದೆ ಹೋಗುವ ಧನವಿನಿಯೋಗ ಲೆಕ್ಕ ನಿಂತಿರುವುದೂ ಇದೇ ಶೀರ್ಷಿಕೆಗಳ ಮೇಲೆ.

ಇಲಾಖೆಗಳು ತಾಲ್ಲೂಕುವಾರು ಪ್ರಗತಿ ಪಟ್ಟಿ ಮಾಡುವುದಿಲ್ಲವೇ? ಮಾಡುತ್ತವೆ. ಆದರೆ ಪಟ್ಟಿಯೇ ಬೇರೆ, ಲೆಕ್ಕವೇ ಬೇರೆ. ಬಿಲ್ಲು ಖಜಾನೆಗೆ ಹೋಗುವುದು ಹಣ ಸೆಳೆಯುವ ಅಧಿಕಾರಿಯ ಹೆಸರಿನಲ್ಲಿ. ಎಂಜಿನಿಯರಿಂಗ್ ವಿಭಾಗವೊಂದಕ್ಕೆ ಎರಡು ಮೂರು ತಾಲ್ಲೂಕು ಸೇರಿರುತ್ತವೆ, ಕಚೇರಿ ಇರುವುದು ಒಂದು ಊರಿನಲ್ಲಿ. ಖಜಾನೆಯ ಪ್ರಕಾರ ಹಣ ಆ ಕಚೇರಿಯ ಊರಿನಲ್ಲಿ ಖರ್ಚಾಗಿದೆ, ರಸ್ತೆಯಾದರೋ ನೆರೆ ತಾಲ್ಲೂಕಿನಲ್ಲಿದೆ.

ಇದನ್ನು ನನಗೆ ಬಿಡಿಸಿ ಹೇಳಿದವರು ಲೆಕ್ಕಪತ್ರ ಶಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು. “ರೊಕ್ಕ ಖರ್ಚ ಆಗಿಲ್ಲಂತ ಅಲ್ಲರೀ ಸರ. ಆಗ್ಯಾದ. ಯಾವ ತಾಲ್ಲೂಕಿನ ಪಾಲದಾಗ ಆಗ್ಯಾದ ಅಂತ ಬರಿಯಾಕ ನಮ್ಮ ರಿಜಿಸ್ಟರ್‌ದಾಗ ಜಾಗಾನೇ ಇರಲಿಲ್ಲ,” ಎಂದರು. ದೂರು ಹೇಳುವ ದನಿ ಅದಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ಗುಮಾಸ್ತಿಕೆಯ ದನಿ.

ಮಾಹಿತಿ ಹಕ್ಕಿನ ದಾರಿ ಹಿಡಿದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರಿನೊಂದಿಗೆ ಇಷ್ಟೇ ಕೇಳಿದೆ: ಸಂಕೇತ 133ರಡಿ ದೇವದುರ್ಗ ತಾಲ್ಲೂಕಿಗೆ ಹಂಚಿಕೆಯಾದದ್ದೆಷ್ಟು, ಅದರಲ್ಲಿ ಮಾಮೂಲಿ ಬಜೆಟ್ಟಿನ ಪಾಲೆಷ್ಟು, ಹೆಚ್ಚುವರಿ ಎಷ್ಟು? ಬಂದ ಹಿಂಬರಹದಲ್ಲಿ, ಕೋರಿದ ಮಾಹಿತಿಯನ್ನು ಕೋರಿದ ನಮೂನೆಯಲ್ಲಿ ನಿರ್ವಹಿಸಿರುವುದಿಲ್ಲ ಎಂದಿತ್ತು. ಇಂಥ ಉತ್ತರವನ್ನು ಜಾರಿಕೊಳ್ಳುವ ಉಪಾಯ ಎಂದು ನಾವು ಬೈಯುವುದುಂಟು. ಸಂಪುಟಗಳನ್ನು ಓದಿಯಾದ ಮೇಲೆ ನನಗೆ ಅದು ಅಕ್ಷರಶಃ ನಿಜ ಅನ್ನಿಸಿತು. ಮೇಲ್ಮನವಿ ಹಾಕಿದರೂ ಇಲ್ಲದ ಕಾಲಂ ಹುಟ್ಟುವುದಿಲ್ಲ.

ಹಾಗಾಗಿ ಮೇಲಿನಿಂದ ಕೆಳಗಿಳಿಯುವುದನ್ನು ಬಿಟ್ಟು ಕೆಳಗಿನಿಂದ ಹತ್ತಲು ನೋಡಿದೆ. ಅದೇ ತಾಲ್ಲೂಕಿನ ಹಳ್ಳಿಯೊಂದರ ಶಾಲಾ ಕೊಠಡಿಯ ಕಡತ ಪರಿಶೀಲನೆಗೆ ಸಿಕ್ಕಿತು. ಅಂದಾಜುಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲವೂ ವರಸೆಯಾಗಿದ್ದವು. ಜೊತೆಗೆ ಅಳತೆ ಪುಸ್ತಕ, ಆಫೀಸಿನವರ ಬಾಯಲ್ಲಿ ಎಂ.ಬಿ. ಪುಟಗಳಿಗೆ ಅಚ್ಚಿನ ಸಂಖ್ಯೆ. ಹರಿಯುವಂತಿಲ್ಲ, ತಪ್ಪಾದರೆ ಗೀಟು ಎಳೆದು ಸಹಿ ಹಾಕಬೇಕು. ಪಾಯದ ಅಗೆತ ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ. ಕಿಟಕಿಗಳ ಜಾಗವನ್ನು ಗೋಡೆಯ ಅಳತೆಯಿಂದ ಕಳೆದದ್ದು. ಮೇಲಧಿಕಾರಿ ಮರು ಅಳತೆ ಮಾಡಿದ ಸಾಲಿನ ಪಕ್ಕ ಕೆಂಪು ಗುರುತು. ಒಂದು ಕಿಟಕಿಯ ಲೆಕ್ಕವೂ ತಪ್ಪದಂತೆ ಕಾಯುವ ವ್ಯವಸ್ಥೆ ಇದು. ಹೋಗಿ ನೋಡಿದರೆ ಕೊಠಡಿಯೂ ಇದೆ, ಮಕ್ಕಳೂ ಕೂತಿದ್ದಾರೆ. ಆದರೆ ಈ ಕೊಠಡಿ 15,000 ಕೋಟಿಯ ಪಾಲೋ 16,000 ಕೋಟಿಯ ಪಾಲೋ ಎಂದು ಕಡತದ ಯಾವ ಹಾಳೆಯೂ ಹೇಳಲಿಲ್ಲ. ಈ ಕೊಠಡಿಯಿಂದ ತಾಲ್ಲೂಕಿನ 0.53 ಎಷ್ಟು ಮೇಲೇರಿತು ಎಂದು ಕೇಳುವ ನಮೂನೆಯೂ ಇರಲಿಲ್ಲ.

ಹಗರಣ ಹುಡುಕಿಕೊಂಡು ಹೋಗಿದ್ದರೆ ಇಲ್ಲಿಂದ ನಿರಾಸೆಯಿಂದ ಮರಳಬೇಕಿತ್ತು. ನನಗೆ ಕಂಡದ್ದು ಎರಡು ಬಗೆಯ ಪ್ರಾಮಾಣಿಕತೆ ಒಂದಕ್ಕೊಂದು ಸಂಧಿಸದೆ ಸಾಗುವುದು. ಸಮಿತಿ ಕೊರತೆಯನ್ನು ಅಳೆದದ್ದು ತಾಲ್ಲೂಕಿನಲ್ಲಿ, ಸರ್ಕಾರ ಖರ್ಚನ್ನು ಬರೆದದ್ದು ಇಲಾಖೆಯಲ್ಲಿ. ಎರಡೂ ಲೆಕ್ಕ ತಮ್ಮಷ್ಟಕ್ಕೆ ಸರಿ. ಉತ್ತರ ಹೇಳಬೇಕಾದವರು ಮಾತ್ರ ಅವೆರಡರ ನಡುವಿನ ಸಂದಿಯಲ್ಲಿ ನುಸುಳಿಹೋಗುತ್ತಾರೆ.

ಈ ಸಂದಿಯನ್ನು ಮುಚ್ಚುವ ಅವಕಾಶವೊಂದು ಸಂವಿಧಾನದಲ್ಲೇ ಬಂತು. 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರಿ, 2013ರಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು, ಮಂಡಳಿಯೂ ಆ ಹೆಸರು ತಳೆಯಿತು. ಉದ್ಯೋಗ, ಶಿಕ್ಷಣದ ಮೀಸಲಾತಿಯಿಂದಾಗಿ ಈ ವಿಧಿ ಮನೆಮಾತಾಗಿದೆ. ಅದರಲ್ಲಿ ಇನ್ನೊಂದು ಮಾತೂ ಇದೆ: ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು. ಸೀಟು, ನೌಕರಿಗಳ ಬಗ್ಗೆ ನಡೆಯುವ ಚರ್ಚೆಯ ಕಾಲುಭಾಗವೂ ಈ ವಾರ್ಷಿಕ ವರದಿಯ ಬಗ್ಗೆ ನಡೆಯುವುದನ್ನು ನಾನು ಕೇಳಿಲ್ಲ.

ಮಂಡಳಿಯ ಅನುದಾನ ಬೆಳೆದಿದೆ. 2022–23ಕ್ಕೆ 3,000 ಕೋಟಿ, 2023–24ಕ್ಕೆ 5,000 ಕೋಟಿ ಘೋಷಣೆಯಾಯಿತು. ಈ ಹಣವನ್ನು ತಾಲ್ಲೂಕುಗಳಿಗೆ ಹಂಚಲು ಆಧಾರ ನಂಜುಂಡಪ್ಪ ವರದಿಯ ಕೊರತೆ ಸೂಚ್ಯಂಕ. ತಾಲ್ಲೂಕಿನ ಹೆಸರು ಹಿಡಿದು ಹಂಚುವುದರಿಂದ 133ರ ತೊಡಕು ಇಲ್ಲಿ ಅಷ್ಟಿಲ್ಲ. ಆದರೆ ಸೂಚ್ಯಂಕದ ಒಳಗೆ ಏನಿದೆ ನೋಡಿ. ಆ 35 ಸೂಚಕಗಳಲ್ಲಿ ಒಂದು, ಪ್ರತಿ ಲಕ್ಷ ಜನಸಂಖ್ಯೆಗೆ ಇರುವ ಟೆಲಿಫೋನುಗಳ ಸಂಖ್ಯೆ. 2002ರಲ್ಲಿ ಅದು ಸರಿಯಾದ ಅಳತೆಯೇ; ಮನೆಗೆ ಫೋನು ಬರಲು ಜನ ಸರದಿಯಲ್ಲಿದ್ದ ದಿನಗಳು ಆಗಿನ್ನೂ ದೂರವಾಗಿರಲಿಲ್ಲ. ಇಂದು ದೇವದುರ್ಗದ ಹತ್ತಿ ಹೊಲದಲ್ಲಿ ನಿಂತ ಕೂಲಿಯ ಜೇಬಿನಲ್ಲೂ ಫೋನಿದೆ, ಅದರಿಂದ ಆ ತಾಲ್ಲೂಕು ಮುಂದುವರಿಯಿತು ಎನ್ನಲಾಗದು. ಅಳತೆಗೋಲು ಹಳೆಯದಾಗಿದೆ, ಹಣ ಹೊಸದಾಗಿ ಬರುತ್ತಿದೆ. ತಾಲ್ಲೂಕುಗಳ ಸಂಖ್ಯೆಯೂ ಈಗ 230 ದಾಟಿದೆ, ಅವುಗಳಲ್ಲಿ ಹಲವು 2002ರ ಪಟ್ಟಿಯಲ್ಲಿ ಇರಲೇ ಇಲ್ಲ.

ಜನ ಮಾತ್ರ ತಮ್ಮ ಲೆಕ್ಕ ಇಟ್ಟುಕೊಂಡಿದ್ದಾರೆ. ರಾಯಚೂರಿಗೆ ಐಐಟಿ ಬರಬೇಕೆಂದು ನಂಜುಂಡಪ್ಪ ವರದಿ ಹೇಳಿತ್ತು. 2016ರಲ್ಲಿ ಅದು ಧಾರವಾಡಕ್ಕೆ ಹೋಯಿತು. ರಾಯಚೂರಿಗೆ ಆಮೇಲೆ ಬಂದದ್ದು ಐಐಐಟಿ. 2022ರ ಮೇ ತಿಂಗಳಲ್ಲಿ ಏಮ್ಸ್‌ಗಾಗಿ ಅಲ್ಲಿ ಧರಣಿ ಶುರುವಾದಾಗಲೂ ಈ ಹಳೆಯ ಮಾತು ಮೇಲೆ ಬಂತು. ಸರ್ಕಾರಿ ಲೆಕ್ಕದಲ್ಲಿ ಕಾಲಂ ಇಲ್ಲದ ಬಾಕಿಗೆ ಹೀಗೆ ಧರಣಿಯ ಪೆಂಡಾಲೇ ಕಾಲಂ ಆಗುತ್ತದೆ.

ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. ಹೊಸ ಸೂಚಕ, ಹೊಸ ಪಟ್ಟಿ, ಹೊಸ ಮೊತ್ತ ಬೇಕೇ ಬೇಕು. ಅವುಗಳ ಜೊತೆಗೆ ಇನ್ನೆರಡು ಸಣ್ಣ ಕೆಲಸಗಳಾಗದಿದ್ದರೆ ಮುಂದಿನ ಸಂಶೋಧಕರೂ ನನ್ನ ಹಾದಿಯನ್ನೇ ತುಳಿಯುತ್ತಾರೆ. ಬಿಲ್ಲು ಖಜಾನೆಗೆ ಹೋಗುವಾಗಲೇ ಕಾಮಗಾರಿಯ ತಾಲ್ಲೂಕನ್ನು ನಮೂದಿಸುವ ಸಂಕೇತವೊಂದು ಲೆಕ್ಕದಲ್ಲಿ ಸೇರಲಿ. ಗಣಕೀಕೃತ ಖಜಾನೆ ಇರುವ ರಾಜ್ಯಕ್ಕೆ ಇದು ದೊಡ್ಡ ತ್ರಾಸಲ್ಲ. ಎರಡನೆಯದು, ಪ್ರತಿವರ್ಷ ಸದನದ ಮುಂದೆ ಬರುವ ವರದಿಯಲ್ಲಿ ತಾಲ್ಲೂಕಿನ ಹೆಸರಿನ ಎದುರು ಕೊಟ್ಟ ಹಣದ ಪಕ್ಕದಲ್ಲೇ ಆ ವರ್ಷದ ಸೂಚ್ಯಂಕವೂ ಅಚ್ಚಾಗಲಿ. ಆಗ ‘ಶೇಕಡಾ ಇಷ್ಟು ಪ್ರಗತಿ ಸಾಧಿಸಿದ್ದೇವೆ’ ಎನ್ನುವ ಮಂತ್ರಿಗೆ, ಅದು ಖರ್ಚಿನ ಪ್ರಗತಿಯೋ ತಾಲ್ಲೂಕಿನ ಪ್ರಗತಿಯೋ ಎಂದು ದೇವದುರ್ಗದ ಶಾಸಕರು ಪುಟಸಂಖ್ಯೆ ಹೇಳಿ ಕೇಳಬಹುದು.